ಅಲ್ಡಾಬ್ರಾದಲ್ಲಿ ಬರೆದ ಒಂದು ಸುಳ್ಳು ಸೊನ್ನೆ

ಬೆಳಗಿನ ಜಾವ ಮನೆಯ ನೆಲ ಧಡ್ ಅಂತ ಅದುರಿದರೆ ಭೂಕಂಪ ಅಂತ ಎದ್ದು ಓಡಬೇಕಿಲ್ಲ. ಕೆಳಗೆ ಮಲಗಿದ್ದ ಆಮೆ ಮಗ್ಗುಲು ಬದಲಿಸಿದೆ ಅಂತ ಅರ್ಥ. ಅಲ್ಡಾಬ್ರಾಕ್ಕೆ ಬಂದ ಮೊದಲ ವಾರ ನಾನು ಕಲಿತ ಮೊದಲ ಪಾಠ ಇದು. ಇಲ್ಲಿ ಮನುಷ್ಯರು ಹೆಚ್ಚೆಂದರೆ ಇಪ್ಪತ್ತು ಜನ. ದೈತ್ಯ ನೆಲಾಮೆಗಳು ಸುಮಾರು ಒಂದು ಲಕ್ಷ. ದಾರಿ ಬಿಡಬೇಕಾದವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಈ ಜಾಗ ಎಲ್ಲಿದೆ ಅಂತ ಅಮ್ಮನಿಗೆ ಅರ್ಥ ಮಾಡಿಸೋಕೇ ಒಂದು ತಿಂಗಳು ಹಿಡಿದಿತ್ತು. ಹಿಂದೂ ಮಹಾಸಾಗರದಲ್ಲಿ ಸೆಶೆಲ್ಸ್ ಅಂತ ಒಂದು ಪುಟ್ಟ ದೇಶ. ಅದರ ಮುಖ್ಯ ದ್ವೀಪ ಮಾಹೆ. 'ಕೇರಳದ ಪಕ್ಕದ ಮಾಹೆ ಅಲ್ಲಮ್ಮ, ಇದು ಬೇರೆ' ಅಂದೆ. ಆ ಮಾಹೆಯಿಂದ ನೈಋತ್ಯಕ್ಕೆ ಸುಮಾರು 1,100 ಕಿ.ಮೀ. ಹೋದರೆ ಅಲ್ಡಾಬ್ರಾ. ಮಡಗಾಸ್ಕರ್‌ಗೆ ಅಲ್ಲಿಂದ ಸುಮಾರು 400 ಕಿ.ಮೀ. ಅಷ್ಟೇ. ವಿಮಾನ ನಿಲ್ದಾಣ ಇಲ್ಲ, ಅಂಗಡಿ ಇಲ್ಲ, ಆಸ್ಪತ್ರೆ ಇಲ್ಲ. ಪಕ್ಕದ ಅಸಂಪ್ಷನ್ ದ್ವೀಪದವರೆಗೆ ಸಣ್ಣ ವಿಮಾನ, ಅಲ್ಲಿಂದ ದೋಣಿ. 'ಅಲ್ಲಿ ಏನು ಮಾಡ್ತೀಯಾ?' ಅಂತ ಅಮ್ಮ ಕೇಳಿದರು. 'ಆಮೆ ಎಣಿಸ್ತೀನಿ' ಅಂದೆ. 'ಅದಕ್ಕೆ ಅಷ್ಟು ದೂರ ಯಾಕೆ? ನಮ್ಮ ಕಾಸರಕೋಡಿಗೇ ಬರುತ್ತಲ್ಲ!'

ಅಮ್ಮ ಹೇಳಿದ್ದು ಸುಳ್ಳಲ್ಲ. ನಮ್ಮೂರು ಹೊನ್ನಾವರ. ಕಾಸರಕೋಡಿನ ಮರಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡೋಕೆ ಬರುತ್ತವೆ. ಚಿಕ್ಕಂದಿನಲ್ಲಿ ಅವುಗಳ ಹೆಜ್ಜೆಸಾಲು ನೋಡಿ ಯಾರೋ ಟೈರ್ ಎಳೆದುಕೊಂಡು ಹೋಗಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಓದು, ಬೆಂಗಳೂರು, ಡೇಟಾ ಅನಲಿಸ್ಟ್ ಕೆಲಸ. ಆರು ವರ್ಷ ಸ್ಕ್ರೀನಿನ ಮೇಲಿನ ಅಂಕಿಗಳ ಜೊತೆ ಕಳೆದ ಮೇಲೆ, ಒಂದಾದರೂ ಅಂಕಿ ಹುಟ್ಟೋದನ್ನ ಕಣ್ಣಾರೆ ನೋಡಬೇಕು ಅನ್ನಿಸಿತು. ಹಾಗೆ ಸ್ವಯಂಸೇವಕಳಾಗಿ ಬಂದೆ.

ಅಲ್ಡಾಬ್ರಾ ಅಂದರೆ ಒಂದು ದ್ವೀಪ ಅಲ್ಲ, ಉಂಗುರ. ಪಿಕಾರ್, ಪೊಲಿಮ್ನಿ, ಮಲಬಾರ್, ಗ್ರಾಂಡ್ ಟೇರ್ ಅನ್ನೋ ನಾಲ್ಕು ಮುಖ್ಯ ದ್ವೀಪಗಳು ನಡುವಿನ ದೊಡ್ಡ ಲಗೂನನ್ನು ಸುತ್ತುವರಿದಿವೆ. ಹೌದು, ಒಂದರ ಹೆಸರು ಮಲಬಾರ್. ಮೊದಲ ದಿನ ನಕ್ಷೆಯಲ್ಲಿ ಅದನ್ನು ನೋಡಿ ಊರಿನವರು ಸಿಕ್ಕ ಹಾಗಾಯಿತು. ನೀರು ಇಳಿದಾಗ ಲಗೂನ್ ಬಹುಪಾಲು ಬರಿದಾಗುತ್ತದೆ. ಏರಿದಾಗ ಕಿರುದಾರಿಗಳ ಮೂಲಕ ಸಮುದ್ರ ಹೊಳೆಯ ಹಾಗೆ ನುಗ್ಗುತ್ತದೆ. ನೆಲವೆಲ್ಲ ಹಳೆಯ ಹವಳದ ಕಲ್ಲು, ಚೂರಿಯಷ್ಟು ಹರಿತ. ಗಟ್ಟಿ ಸೋಲ್ ಇರುವ ಶೂ ಕೂಡ ಇಲ್ಲಿ ಕೆಲವೇ ತಿಂಗಳು ಬಾಳುತ್ತದೆ.

ಈ ದ್ವೀಪ ಇವತ್ತು ಹೀಗಿರೋದೇ ಒಂದು ಅದೃಷ್ಟ. 1960ರ ದಶಕದಲ್ಲಿ ಇಲ್ಲಿ ಮಿಲಿಟರಿ ವಾಯುನೆಲೆ ಕಟ್ಟಲು ಬ್ರಿಟನ್ ಯೋಜನೆ ಹಾಕಿತ್ತು. ವಿಜ್ಞಾನಿಗಳು ಗಟ್ಟಿಯಾಗಿ ವಿರೋಧಿಸಿದರು. ಅತ್ತ ಬ್ರಿಟನ್ನಿನ ಖಜಾನೆಯೂ ಬಿಗಿಯಾಗಿತ್ತು. 1967ರಲ್ಲಿ ಯೋಜನೆ ಕೈಬಿಟ್ಟಿತು. 1971ರಲ್ಲಿ ಪಿಕಾರ್‌ನಲ್ಲಿ ಸಂಶೋಧನಾ ಕೇಂದ್ರ ಶುರುವಾಯಿತು, 1982ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಈಗ ನೋಡಿಕೊಳ್ಳೋದು ಸೆಶೆಲ್ಸ್ ಐಲ್ಯಾಂಡ್ಸ್ ಫೌಂಡೇಷನ್.

ನಮ್ಮ ದಿನಚರಿ ಸರಳ. ಕುಡಿಯೋಕೆ ಹಿಡಿದಿಟ್ಟ ಮಳೆನೀರು, ಕರೆಂಟಿಗೆ ಸೋಲಾರ್. ಅಡುಗೆ ಸರದಿಯಲ್ಲಿ. ಇಲ್ಲಿನವರ ಕ್ರಿಯೋಲ್ ಭಾಷೆಯಲ್ಲಿ ಚಟ್ನಿಗೆ 'ಸಾತಿನಿ' ಅಂತಾರೆ, ಸಾರಿನ ಹಾಗಿರೋದಕ್ಕೆ 'ಕಾರಿ'. ನಾನು ಮಾಡಿದ ಹುಳಿಗೆ ಹೆಸರು ಸಿಗಲಿಲ್ಲ, ಆದರೆ ಪಾತ್ರೆ ಖಾಲಿಯಾಯಿತು. ಅಡುಗೆಮನೆ ಬಾಗಿಲಿಗೆ ಒಂದು ಕಂದು ಹಕ್ಕಿ ದಿನಾ ಬಂದು ನನ್ನ ಶೂ ಲೇಸ್ ಎಳೆಯುತ್ತಿತ್ತು. ಅದು ಅಲ್ಡಾಬ್ರಾದ ರೈಲ್ ಹಕ್ಕಿ, ನಮ್ಮ ಗದ್ದೆ ಬದಿಯ ಹುಂಡುಕೋಳಿಯ ದೂರದ ನೆಂಟ. ಹಿಂದೂ ಮಹಾಸಾಗರದ ದ್ವೀಪಗಳಲ್ಲಿ ಉಳಿದಿರುವ ಹಾರಲಾರದ ಕೊನೆಯ ಹಕ್ಕಿ ಇದೇ. ಬೆಕ್ಕುಗಳ ದೆಸೆಯಿಂದ ಪಿಕಾರ್‌ನಲ್ಲಿ ಪೂರ್ತಿ ಅಳಿದುಹೋಗಿತ್ತು. 1999ರಲ್ಲಿ ಮಲಬಾರ್ ದ್ವೀಪದಿಂದ ಕೆಲವನ್ನು ತಂದು ಬಿಟ್ಟರು. ಈಗ ಲೇಸ್ ಎಳೆಯುವಷ್ಟು ಸಲಿಗೆ.

ರಾತ್ರಿ ತೆಂಗಿನ ಏಡಿಗಳ ರಾಜ್ಯ. ತೆಂಗಿನಕಾಯಿಯನ್ನೇ ಒಡೆಯುವ ಕೊಂಡಿ ಅದರದು. ಹೊರಗೆ ಒಣಗಲು ಬಿಟ್ಟ ಚಪ್ಪಲಿ ಬೆಳಗ್ಗೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಚಪ್ಪಲಿ ಅಂದಾಗ ನೆನಪಾಯಿತು. ಊರೇ ಇಲ್ಲದ ತೀರಗಳಲ್ಲಿ ಹವಾಯಿ ಚಪ್ಪಲಿಗಳು ರಾಶಿ ಬಿದ್ದಿರುತ್ತವೆ. ಎಲ್ಲವೂ ಸಮುದ್ರದ ಮೇಲೆ ತೇಲಿ ಬಂದದ್ದು. 2019ರಲ್ಲಿ ಒಂದು ತಂಡ ಐದು ವಾರ ದುಡಿದು ಸುಮಾರು 25 ಟನ್ ಕಸ ಹೊರತೆಗೆಯಿತು. ದ್ವೀಪದಲ್ಲಿದ್ದ ಒಟ್ಟು ಕಸದ ಅಂದಾಜು 513 ಟನ್. ತೂಕದಲ್ಲಿ ಅದರ 83 ಶೇಕಡಾ ಮೀನುಗಾರಿಕೆಯ ಬಲೆ, ಹಗ್ಗ, ಸಲಕರಣೆ. ಆಮೆ ಮರಳಿಗೆ ಹತ್ತಬೇಕಾದರೆ ಇವುಗಳ ಮೇಲೆಯೇ ಹಾದು ಬರಬೇಕು.

ನನ್ನ ಮುಖ್ಯ ಕೆಲಸ ಹಸಿರು ಕಡಲಾಮೆಗಳ ಹೆಜ್ಜೆಸಾಲು ಎಣಿಸೋದು. ಆಮೆಯನ್ನಲ್ಲ, ಹೆಜ್ಜೆಯನ್ನು. ರಾತ್ರಿ ಮೇಲೆ ಬಂದ ಆಮೆ ಬೆಳಗಾಗುವಷ್ಟರಲ್ಲಿ ನೀರಿಗೆ ಇಳಿದಿರುತ್ತದೆ. ಮರಳಲ್ಲಿ ಉಳಿಯೋದು ಸುಮಾರು ಒಂದು ಮೀಟರ್ ಅಗಲದ ಪಟ್ಟೆ. ಹಸಿರು ಕಡಲಾಮೆ ಎರಡೂ ಮುಂಗೈಗಳನ್ನು ಒಟ್ಟಿಗೆ ಊರಿ ಮೈ ಎಳೆಯುತ್ತದೆ, ಹಾಗಾಗಿ ಎಡಬಲದ ಗುರುತು ಸಮ. ನಮ್ಮ ರಿಡ್ಲೆ ಒಂದಾದ ಮೇಲೊಂದು ಊರುತ್ತದೆ. ಹತ್ತಿದ ಸಾಲು, ಇಳಿದ ಸಾಲು, ನಡುವೆ ಮರಳು ಅಗೆದ ಹೊಂಡ ಇದೆಯೇ, ಇಲ್ಲ ಕಲ್ಲು ಸಿಕ್ಕಿ ಮೊಟ್ಟೆ ಇಡದೆ ವಾಪಸ್ ಹೋಗಿದೆಯೇ, ಎಲ್ಲ ನೋಡಿ ಬರೆಯಬೇಕು. ಬರೆದ ಮೇಲೆ ಕೋಲಿನಿಂದ ಆ ಸಾಲಿಗೆ ಅಡ್ಡಗೆರೆ ಎಳೀಬೇಕು. ನಾಳೆ ಬರುವವರು ಮತ್ತೆ ಅದನ್ನೇ ಎಣಿಸಬಾರದಲ್ಲ.

ಒಂದು ಕಾಲದಲ್ಲಿ ಮಾಂಸಕ್ಕಾಗಿ ಈ ಆಮೆಗಳನ್ನು ಹಿಡಿದು ಹಿಡಿದು ಮುಗಿಸುವ ಹಂತಕ್ಕೆ ತಂದಿದ್ದರು. 1968ರಲ್ಲಿ ರಕ್ಷಣೆ ಸಿಕ್ಕಿತು. ಆಮೇಲಿನ ಐದು ದಶಕಗಳಲ್ಲಿ ಗೂಡುಗಳ ಸಂಖ್ಯೆ ಹಲವು ಪಟ್ಟು ಹೆಚ್ಚಿದೆ. ಇದು ಗೊತ್ತಾದದ್ದು ಹೇಗೆ? ನನ್ನ ಹಾಗೆ ಯಾರೋ ಬೆಳಗ್ಗೆ ಎದ್ದು, ನಡೆದು, ಎಣಿಸಿ, ಬರೆದಿಟ್ಟಿದ್ದರಿಂದ.

ಈಗ ನನ್ನ ತಪ್ಪಿನ ವಿಷಯ.

ಗ್ರಾಂಡ್ ಟೇರ್‌ನ ದೂರದ ತೀರಗಳಿಗೆ ಹೋದರೆ ಶೆಡ್ಡಿನಂಥ ಕ್ಯಾಂಪಲ್ಲೇ ಉಳೀಬೇಕು. ಅಕ್ಕಿ, ಬೇಳೆ, ನೀರು ಎಲ್ಲ ಬೆನ್ನ ಮೇಲೆ. ಅಲ್ಲಿ ಕಲ್ಲುಗಳ ನಡುವೆ ಚಿಕ್ಕ ಚಿಕ್ಕ ಮರಳ ತುಂಡುಗಳಿವೆ. ಮೂರನೇ ದಿನ ನನ್ನ ಹಿಮ್ಮಡಿ ಕಿತ್ತುಹೋಗಿತ್ತು. ಬಿಸಿಲು ಏರಿತ್ತು. ಜೊತೆಗಿದ್ದ ರೇಂಜರ್ ಒಂದು ತೀರಕ್ಕೆ ಇಳಿದರು, ಪಕ್ಕದ ಕೊನೆಯದು ನನ್ನದು. ಬಂಡೆಯ ಮೇಲೆ ನಿಂತು ನೋಡಿದೆ. ಮರಳು ನುಣ್ಣಗಿತ್ತು. ಕೆಳಗಿಳಿದು ಕೊನೆಯವರೆಗೆ ನಡೆದು ಬರಲು ಅರ್ಧ ಗಂಟೆ. ವಾಕಿಟಾಕಿಯಲ್ಲಿ ರೇಂಜರ್ ಕೇಳಿದರು: 'ಎಷ್ಟು?'

'ಸೊನ್ನೆ' ಅಂದೆ. ಪುಸ್ತಕದಲ್ಲೂ ಬರೆದೆ.

ಬೆಂಗಳೂರಲ್ಲಿ ಶುಕ್ರವಾರ ಸಂಜೆ ಟೈಮ್‌ಶೀಟ್ ತುಂಬಿದವರಿಗೆ ಇದು ಎಷ್ಟು ಸಲೀಸಾಗಿ ಬರುತ್ತೆ ಅಂತ ಹೇಳಬೇಕಾಗಿಲ್ಲ. ನೆನಪಿಲ್ಲದ ಎರಡು ಗಂಟೆಗೆ ಒಂದು ಹೆಸರು, ಮುಗಿಯದ ಕೆಲಸಕ್ಕೆ 90 ಶೇಕಡಾ. ನಾನೇನೂ ದೊಡ್ಡ ಸುಳ್ಳು ಹೇಳಿದ ಹಾಗೆ ಅನ್ನಿಸಲೇ ಇಲ್ಲ.

ನಾಲ್ಕು ದಿನದ ಮೇಲೆ ಪಿಕಾರ್‌ಗೆ ಮರಳಿ ಕಂಪ್ಯೂಟರಿಗೆ ಅಂಕಿ ಏರಿಸುತ್ತಾ ಕೂತೆ. ಅದೇ ತೀರದ ಹಳೆಯ ಸಾಲುಗಳು ಮೇಲೆ ಕಾಣುತ್ತಿದ್ದವು. ಕೆಲವು ಕಡೆ ಅಂಕಿ, ಕೆಲವು ಕಡೆ ಸೊನ್ನೆ, ಕೆಲವು ಕಡೆ ಖಾಲಿ. ಖಾಲಿಯ ಪಕ್ಕದಲ್ಲಿ ಟಿಪ್ಪಣಿ: ಅಲೆ ಜೋರು, ಹೋಗಲಾಗಲಿಲ್ಲ. ಇನ್ನೊಂದರಲ್ಲಿ, ಕಾಲು ಉಳುಕಿತು, ಹೋಗಲಿಲ್ಲ. ಯಾರು ಬರೆದರೋ ಏನೋ, ಮುಖ ನೋಡದವರು. ಅವರ ಕಾಲು ಉಳುಕಿತ್ತು, ಹಾಗಂತ ಬರೆದಿದ್ದರು. ನನ್ನ ಹಿಮ್ಮಡಿ ಕಿತ್ತಿತ್ತು, ನಾನು ಸೊನ್ನೆ ಬರೆದಿದ್ದೆ.

ಸೊನ್ನೆ ಅಂದರೆ 'ನೋಡಿದೆ, ಇರಲಿಲ್ಲ'. ಖಾಲಿ ಅಂದರೆ 'ನೋಡಲಿಲ್ಲ'. ಡೇಟಾ ಅನಲಿಸ್ಟ್ ಆಗಿ ಇದನ್ನ ಹೊಸಬರಿಗೆ ನಾನೇ ಪಾಠ ಮಾಡಿದ್ದೆ!

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಮುಖ್ಯಸ್ಥೆಯ ಹತ್ತಿರ ಹೋಗಿ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: 'ಉಳಿದ ಅಂಕಿಗಳು?'

ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ಉಳಿದೆಲ್ಲ ತೀರ ನಾನು ನಿಜವಾಗಿ ನಡೆದಿದ್ದೆ. ಆದರೆ ಆ ಮಾತನ್ನು ಈಗ ಯಾಕೆ ನಂಬಬೇಕು? ಒಂದು ಸುಳ್ಳು ಸೊನ್ನೆ ತನ್ನ ಪಕ್ಕದ ಸತ್ಯಗಳನ್ನೂ ಅನುಮಾನಕ್ಕೆ ದೂಡಿತ್ತು. ರೇಂಜರ್ ಪುಸ್ತಕ ತರಿಸಿ ಸಾಲು ಸಾಲಾಗಿ ಹೋಲಿಸಿದರು. ಇಬ್ಬರೂ ಒಟ್ಟಿಗೆ ನಡೆದವು ಉಳಿದವು. ನಾನು ಒಬ್ಬಳೇ ನೋಡಿದ ಎರಡು ತೀರಗಳ ಅಂಕಿ ತೆಗೆದರು. ಅದರಲ್ಲಿ ಒಂದು ಪೂರ್ತಿ ನಿಜವಾಗಿತ್ತು, ಐದು ಸಾಲು, ನಾನೇ ಅಡ್ಡಗೆರೆ ಎಳೆದಿದ್ದೆ. ಅದೂ ಖಾಲಿಯಾಯಿತು. ಮುಂದಿನ ತಿಂಗಳು ನಾನು ಒಬ್ಬಳೇ ಎಣಿಸುವಂತಿಲ್ಲ ಅಂತಲೂ ತೀರ್ಮಾನವಾಯಿತು. ವಾರಕ್ಕೊಮ್ಮೆ ಅಮ್ಮನ ಜೊತೆ ಮಾತಾಡುವಾಗ ಇದನ್ನ ಹೇಳಲಿಲ್ಲ. 'ಎಲ್ಲ ಸರಿ ಇದೆಯಾ?' 'ಹೂಂ, ಸರಿ ಇದೆ.' ಅದೂ ಒಂದು ಸೊನ್ನೆಯೇ.

ಮುಂದಿನ ತಿಂಗಳು ಅದೇ ತೀರಕ್ಕೆ ರೇಂಜರ್ ಜೊತೆ ಹೋದೆ. ಈ ಸಲ ಬಂಡೆಯಿಂದ ಕೆಳಗಿಳಿದೆ. ನಡೆದಾಗಲೇ ತಿಳಿದದ್ದು, ಮರಳು ಕಲ್ಲಿನ ಹಿಂದೆ ಎಡಕ್ಕೆ ತಿರುಗಿ ಇನ್ನೂ ಒಳಗೆ ಹೋಗುತ್ತದೆ. ನಾನು ನಿಂತಿದ್ದ ಜಾಗದಿಂದ ಆ ಭಾಗ ಕಾಣೋದೇ ಇಲ್ಲ. ಅಲ್ಲಿ ಪೊದೆಯ ಬುಡದಲ್ಲಿ ಒಂದು ಹೊಂಡ ಇತ್ತು, ಅಂಚು ಕುಸಿದು ಅರ್ಧ ಮುಚ್ಚಿಹೋದದ್ದು.

'ಹಳೆಯದು' ಅಂದರು ರೇಂಜರ್.

'ಎಷ್ಟು ಹಳೆಯದು? ಹೋದ ತಿಂಗಳದ್ದಾ?'

ಅವರು ಕೂತು ಮರಳು ಮುಟ್ಟಿ ನೋಡಿದರು. 'ಇರಬಹುದು. ಇಲ್ಲದೆಯೂ ಇರಬಹುದು. ಈಗ ಹೇಳೋಕಾಗಲ್ಲ.'

ಹೊಸ ಹೆಜ್ಜೆ ಒಂದೂ ಇರಲಿಲ್ಲ. ತುದಿಯವರೆಗೆ ಹೋಗಿ, ತಿರುಗಿ ಬಂದು, ಪುಸ್ತಕ ತೆಗೆದು 0 ಅಂತ ಬರೆದೆ. ಕೆಳಗೆ ಇಬ್ಬರೂ ಸಹಿ ಹಾಕಿದೆವು.

ನಾನು ವಾಪಸ್ ಬೆಂಗಳೂರಿಗೆ ಬಂದು ಎಂಟು ತಿಂಗಳಾಯಿತು. ಮತ್ತೆ ಡ್ಯಾಶ್‌ಬೋರ್ಡ್, ಮತ್ತೆ ಸಿಲ್ಕ್ ಬೋರ್ಡ್ ಟ್ರಾಫಿಕ್. ಮೊನ್ನೆ ಶುಕ್ರವಾರ ಟೈಮ್‌ಶೀಟ್ ತುಂಬುವಾಗ ಬುಧವಾರದ ಮೂರು ಗಂಟೆ ಏನು ಮಾಡಿದೆ ಅಂತ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಖಾಲಿ ಬಿಟ್ಟೆ. ಸಿಸ್ಟಂ ಕೆಂಪು ಗುರುತು ತೋರಿಸಿತು, ಹತ್ತು ನಿಮಿಷದಲ್ಲಿ ಮ್ಯಾನೇಜರ್ ಮೆಸೇಜ್ ಬಂತು: 'ಏನಾದ್ರೂ ಹಾಕಿ ಕ್ಲೋಸ್ ಮಾಡಿ.'

'ನೆನಪಿಲ್ಲ' ಅಂತ ಟೈಪ್ ಮಾಡಿ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.