ಜೀವಕೋಶಗಳ ದಾನ

ಗೃಹಸ್ಥನು ಸಂಪಾದಿಸಿದುದೆಲ್ಲವನ್ನೂ ತಾನೊಬ್ಬನೇ ಉಣ್ಣತಕ್ಕವನಲ್ಲ. ಅತಿಥಿಗೂ ಆಶ್ರಿತರಿಗೂ ಪಾಲಿಟ್ಟು ಉಳಿದುದನ್ನು ಅನುಭವಿಸತಕ್ಕದ್ದೆಂಬುದು ಹಿರಿಯರ ಕಟ್ಟಳೆ. ಮನುಷ್ಯದೇಹದೊಳಗಣ ಜೀವಕೋಶಗಳೂ ಈ ಕಟ್ಟಳೆಗೆ ಹೊರತಾದವಲ್ಲ. ಸಾಮಾನ್ಯವಾಗಿ ಕೋಶವು ತನಗೆ ಬೇಕಾದ ಸಸಾರಜನಕಗಳನ್ನು, ಎಂದರೆ ಪ್ರೋಟೀನುಗಳನ್ನು, ತಾನೇ ನಿರ್ಮಿಸಿಕೊಳ್ಳುತ್ತದೆಯಾದರೂ ಕೆಲವನ್ನು ತನಗಾಗಿ ಇರಿಸಿಕೊಳ್ಳದೆ ಹೊರಕ್ಕೆ ಸ್ರವಿಸುತ್ತದೆ. ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯಗಳು, ಅನ್ನವನ್ನು ಜೀರ್ಣಿಸುವ ಪಾಚಕಗಳು, ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ಇವೆಲ್ಲವೂ ಹೀಗೆ ಹೊರಬಂದವೇ. ಇವುಗಳ ಪೈಕಿ ಇನ್ಸುಲಿನ್ನಿನ ಕಥೆಯು ಗೃಹಸ್ಥರೆಲ್ಲರೂ ಅರಿಯತಕ್ಕದ್ದಾಗಿದೆ.

ಮಧುಮೇಹವು ಈ ದೇಶಕ್ಕೆ ಹೊಸದಲ್ಲ. ಪ್ರಾಚೀನ ವೈದ್ಯರು ಇಪ್ಪತ್ತು ಪ್ರಮೇಹಗಳನ್ನು ಎಣಿಸಿ ಅವುಗಳಲ್ಲಿ ಅದನ್ನೂ ಸೇರಿಸಿದರು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕಸಂಹಿತೆಯು ಗುರುತಿಸಿದೆ. ಸುಶ್ರುತಸಂಹಿತೆಯು ಪ್ರಮೇಹವನ್ನು ಸಹಜ, ಅಪಥ್ಯನಿಮಿತ್ತ ಎಂದು ಎರಡಾಗಿ ವಿಂಗಡಿಸಿ, ಮೊದಲನೆಯದರ ರೋಗಿಯು ಕೃಶನೆಂದೂ ಎರಡನೆಯದರವನು ಸ್ಥೂಲನೆಂದೂ ಹೇಳುತ್ತದೆ. ಇಂದಿನ ವೈದ್ಯರು ಮಾಡುವ ಒಂದನೆಯ ಬಗೆ, ಎರಡನೆಯ ಬಗೆ ಎಂಬ ವಿಭಾಗವನ್ನು ಇದು ನೆನಪಿಗೆ ತರುತ್ತದೆ. ಆದರೆ ರೋಗದ ಮೂಲವು ದೇಹದಲ್ಲಿ ಎಲ್ಲಿರುವುದೆಂಬುದು ಬಹುಕಾಲ ಗೂಢವಾಗಿಯೇ ಉಳಿಯಿತು.

೧೮೬೯ರಲ್ಲಿ ಪಾಲ್ ಲಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿಯು ಮೇದೋಜೀರಕ ಗ್ರಂಥಿಯಲ್ಲಿ ನಡುಗಡ್ಡೆಗಳಂತೆ ಚೆದರಿರುವ ಜೀವಕೋಶಗಳ ಗುಂಪುಗಳನ್ನು ಕಂಡನು. ೧೮೮೯ರಲ್ಲಿ ಸ್ಟ್ರಾಸ್‌ಬರ್ಗಿನ ಮೆರಿಂಗ್, ಮಿಂಕೋವ್‌ಸ್ಕಿ ಎಂಬಿಬ್ಬರು ನಾಯಿಯ ಆ ಗ್ರಂಥಿಯನ್ನು ತೆಗೆದುಹಾಕಲು, ಅದಕ್ಕೆ ಮಧುಮೇಹವು ಬಂದಿತು. ಆ ನಡುಗಡ್ಡೆಗಳ ಸ್ರಾವವೇ ಇನ್ಸುಲಿನ್. ಲ್ಯಾಟಿನಿನಲ್ಲಿ ದ್ವೀಪವೆಂಬರ್ಥದ ಪದದಿಂದ ಆ ಹೆಸರು ಹುಟ್ಟಿತು. ಅದಿಲ್ಲದಿದ್ದರೆ ರಕ್ತದ ಸಕ್ಕರೆಯು ಮಾಂಸಖಂಡಗಳಿಗೆ ಸರಿಯಾಗಿ ದಕ್ಕದು. ತುಂಬಿದ ಕಣಜದ ಮುಂದೆ ಬೀಗದ ಕೈ ಇಲ್ಲದೆ ಹಸಿದು ಕುಳಿತವನ ಸ್ಥಿತಿ ದೇಹಕ್ಕೆ ಒದಗುತ್ತದೆ.

ಕೋಶವು ಇದನ್ನು ಹೊರಗೆ ಕಳುಹಿಸುವ ಕ್ರಮವೂ ಸೋಜಿಗದ್ದೇ. ಮೊದಲು ೧೧೦ ಅಮೈನೋ ಆಮ್ಲಗಳ ಒಂದು ಸರವು ಸಿದ್ಧವಾಗುತ್ತದೆ. ಅದರ ತುದಿಯ ಭಾಗವು ಕಾಗದದ ಮೇಲಿನ ವಿಳಾಸದಂತೆ ದಾರಿ ತೋರಿಸಿ, ಕೆಲಸ ತೀರಿದೊಡನೆ ಕತ್ತರಿಸಲ್ಪಡುತ್ತದೆ. ಮುಂದೆ ನಡುವಣ ತುಂಡೂ ಕಳಚಿ, ೫೧ ಆಮ್ಲಗಳ ಎರಡು ಎಳೆಗಳು ಪರಸ್ಪರ ಬಂಧಿತವಾಗಿ ಉಳಿಯುತ್ತವೆ. ಪ್ರೋಟೀನುಗಳಲ್ಲಿ ಇಂತಹ ವಿಳಾಸವುಂಟೆಂದು ತೋರಿಸಿದ ಗುಂಟರ್ ಬ್ಲೋಬೆಲ್ ಅವರಿಗೆ ೧೯೯೯ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಇನ್ಸುಲಿನ್ ಕೈಗೆ ಬರುವ ಮುನ್ನ ಒಂದನೆಯ ಬಗೆಯ ಮಧುಮೇಹವುಳ್ಳ ಮಕ್ಕಳಿಗೆ ಅರೆಹೊಟ್ಟೆಯ ಪಥ್ಯದ ಹೊರತು ಗತಿಯಿರಲಿಲ್ಲ. ಅದು ಮರಣವನ್ನು ಮುಂದೂಡುತ್ತಿತ್ತೇ ವಿನಾ ತಪ್ಪಿಸುತ್ತಿರಲಿಲ್ಲ. ೧೯೨೧ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ, ಮ್ಯಾಕ್ಲಿಯಡ್ ಅವರ ಪ್ರಯೋಗಶಾಲೆಯಲ್ಲಿ, ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ನಾಯಿಗಳ ಗ್ರಂಥಿಯಿಂದ ಆ ಸಾರವನ್ನು ತೆಗೆದರು. ೧೯೨೨ನೆಯ ಜನವರಿ ೧೧ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಚುಚ್ಚುಮದ್ದನ್ನು ಕೊಟ್ಟಾಗ ಹೆಚ್ಚಿನ ಫಲವು ಕಾಣಲಿಲ್ಲ. ಕಾಲಿಪ್ ಎಂಬ ರಸಾಯನಜ್ಞರು ಶೋಧಿಸಿದ ಸಾರವನ್ನು ೨೩ರಂದು ಕೊಡಲು ರಕ್ತದ ಸಕ್ಕರೆಯು ಇಳಿಯಿತು. ಸಾವಿನ ಬಾಗಿಲಲ್ಲಿದ್ದ ಆ ಹುಡುಗನು ೧೯೩೫ರ ವರೆಗೆ ಬದುಕಿದನು.

ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಮ್ಮ ಪೇಟೆಂಟು ಹಕ್ಕನ್ನು ತಲೆಗೊಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ಬರೆದುಕೊಟ್ಟರು. ಅನೇಕ ದಶಕಗಳ ಕಾಲ ದನ ಹಂದಿಗಳ ಗ್ರಂಥಿಗಳೇ ಈ ಔಷಧದ ಆಕರವಾಗಿದ್ದುವು. ೧೯೭೮ರಲ್ಲಿ ಬ್ಯಾಕ್ಟೀರಿಯಾಗಳಿಂದ ಮಾನವ ಇನ್ಸುಲಿನ್ನನ್ನು ಮಾಡಿಸುವ ವಿದ್ಯೆಯು ಸಿದ್ಧಿಸಿ, ೧೯೮೨ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿಯು ದೊರೆಯಿತು. ೨೦೦೪ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಒಂದು ಬಗೆಯ ಯೀಸ್ಟಿನಿಂದ ಅದನ್ನು ತಯಾರಿಸಿ ಮಾರಾಟಕ್ಕೆ ತಂದಿತು. ಇಷ್ಟಾದರೂ, ಬೆಲೆಯನ್ನು ತೆರಲಾರದೆ ಔಷಧದ ಪ್ರಮಾಣವನ್ನು ತಾವೇ ಇಳಿಸಿಕೊಳ್ಳುವ ರೋಗಿಗಳು ಅನೇಕ ದೇಶಗಳಲ್ಲಿದ್ದಾರೆ. ಒಂದು ಡಾಲರಿಗೆ ಕೊಟ್ಟುದು ಎಲ್ಲರ ಮನೆಗೂ ಇನ್ನೂ ತಲುಪಿಲ್ಲ.

ಮತ್ತೊಂದು ಅಡ್ಡಿಯು ಮನೆಯೊಳಗಿನದು. ಇನ್ಸುಲಿನ್ ಪ್ರೋಟೀನಾದುದರಿಂದ, ನುಂಗಿದರೆ ಬೇಳೆಯಂತೆ ಅದೂ ಜೀರ್ಣವಾಗಿ ಹೋಗುತ್ತದೆ. ಸೂಜಿಯ ಆಶ್ರಯವು ಬೇಕಾದುದು ಇದಕ್ಕಾಗಿಯೇ. ಆದರೆ ಸೂಜಿ ಹಿಡಿದರೆ ಕೊನೆಗಾಲವೇ ಬಂದಂತೆಂಬ ಭಯವು ವಿದ್ಯಾವಂತರ ಮನೆಗಳಲ್ಲಿಯೂ ಉಂಟು. ರೋಗಿಯು ಹೆಣ್ಣುಮಗುವಾದರೆ, ಮುಂದೆ ಮದುವೆಯ ಮಾತಿಗೆ ಅಡ್ಡಿಯಾದೀತೆಂದು ಸಂಗತಿಯನ್ನು ಮುಚ್ಚಿಡುವುದುಂಟು. ನೆಂಟರ ಮನೆಯಲ್ಲಿ ನಾಲ್ವರು ಕಂಡಾರೆಂದು ಒಂದು ಹೊತ್ತಿನ ಮದ್ದನ್ನು ತಪ್ಪಿಸುವುದೂ ಉಂಟು. ಒಂದನೆಯ ಬಗೆಯ ರೋಗದಲ್ಲಿ ಕೆಲವೇ ದಿನ ಮದ್ದು ನಿಂತರೂ ಪ್ರಾಣಾಪಾಯವಿದೆ. ಕೋಟ್ಯಂತರ ಜನರ ದೇಹದಲ್ಲಿ ಕೋಶಗಳು ಕೇಳದೆಯೇ ಕೊಡುವ ವಸ್ತುವನ್ನು ಆ ಮಗುವು ಸೂಜಿಯ ಮೂಲಕ ಪಡೆಯುತ್ತದೆ, ಅಷ್ಟೆ. ಅದರಲ್ಲಿ ನಾಚತಕ್ಕುದೇನೂ ಇಲ್ಲವೆಂಬುದನ್ನು ಮೊದಲು ತಿಳಿಯಬೇಕಾದವರು ಮನೆಯ ಹಿರಿಯರು.