ಅಕ್ಕನಿಗಿಲ್ಲದ ನೋವು ತಮ್ಮನಿಗೇಕೆ?



ವಿಜ್ಞಾನದ ಪೆಟ್ಟಿಗೆ ಹೊತ್ತು ಶಾಲೆಯಿಂದ ಶಾಲೆಗೆ ಹೋಗುವುದು ನನ್ನ ಕೆಲಸ. ಹೀಗೆ ಒಂದು ಡಿಸೆಂಬರ್ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆಯ ಕಾಡಂಚಿನ ಶಾಲೆಯೊಂದಕ್ಕೆ ಹೋಗಿದ್ದೆ. ಬಯಲಿನಲ್ಲಿ ಖೋ-ಖೋ ನಡೆಯುತ್ತಿತ್ತು. ಏಳನೇ ತರಗತಿಯ ಹುಡುಗಿಯೊಬ್ಬಳು ಜಿಂಕೆಯಂತೆ ಓಡುತ್ತಿದ್ದಳು. ಐದನೇ ತರಗತಿಯ ಅವಳ ತಮ್ಮ ಮಾತ್ರ ಸ್ವೆಟರ್ ಹಾಕಿಕೊಂಡು ಜಗಲಿಯ ಬಿಸಿಲಿನಲ್ಲಿ ಕುಳಿತಿದ್ದ. ಇಬ್ಬರಿಗೂ ‘ಕುಡುಗೋಲು ಕಣ ರೋಗ’ ಇದೆ ಎಂದು ಅಲ್ಲಿನ ಶಿಕ್ಷಕಿ ನನಗೆ ತಿಳಿಸಿದ್ದರು.

ನಾನು ಹುಡುಗನ ಬಳಿ ಹೋಗಿ, “ನಿನ್ನ ಅಕ್ಕನಿಗೂ ಇದೇ ಕಾಯಿಲೆ. ಅವಳು ಹೇಗೆ ಓಡುತ್ತಿದ್ದಾಳೆ ನೋಡು! ನೆಪ ಹೇಳಬೇಡ, ಏಳು” ಎಂದುಬಿಟ್ಟೆ. ಅವನು ಮರುಮಾತಾಡದೆ ಎದ್ದು ಓಡಿದ. ಮರುದಿನ ಶಾಲೆಗೆ ಬರಲಿಲ್ಲ. ಕೈಕಾಲಿನ ಮೂಳೆಗಳಲ್ಲಿ ತಡೆಯಲಾರದ ನೋವು ಬಂದು, ಅವನ ತಾಯಿ ಆಸ್ಪತ್ರೆಗೆ ಸೇರಿಸಿದ್ದರು.

ವಿಷಯ ತಿಳಿದು ನೋಡಲು ಹೋದೆ. ಹಾಸಿಗೆಯಲ್ಲಿ ಮಲಗಿದ್ದವನು ನನ್ನನ್ನು ಕಂಡು ಕೇಳಿದ್ದು ಒಂದೇ ಪ್ರಶ್ನೆ: “ಅಕ್ಕನಿಗೂ ಇದೇ ಕಾಯ್ಲೆ ಅಲ್ವಾ ಸಾರ್? ಅವಳಿಗ್ಯಾಕೆ ನೋವು ಬರಲ್ಲ?”

ಎಂ.ಎಸ್ಸಿ. ಓದಿದ್ದರೂ ಅವನ ಮುಂದೆ ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ವೈದ್ಯರಿಂದ ಕೇಳಿ, ಪುಸ್ತಕಗಳನ್ನು ಓದಿ ತಿಳಿದದ್ದನ್ನು ಈಗ ನಿಮಗೆ ಹೇಳುತ್ತೇನೆ.

ನಮ್ಮ ಕೆಂಪು ರಕ್ತಕಣಗಳ ಒಳಗೆ ಹಿಮೋಗ್ಲೋಬಿನ್ ಎಂಬ ಪ್ರೋಟೀನು ಇದೆ. ಆಮ್ಲಜನಕವನ್ನು ಹೊತ್ತು ಸಾಗಿಸುವುದು ಅದೇ. ಒಂದೊಂದು ಹಿಮೋಗ್ಲೋಬಿನ್‌ನಲ್ಲೂ ನಾಲ್ಕು ಸರಪಳಿಗಳು: ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಳಿ 146 ಅಮೈನೋ ಆಮ್ಲಗಳ ಮಾಲೆ. ಈ ಮಾಲೆಯ 6ನೇ ಮಣಿ ಬದಲಾದರೆ ಕುಡುಗೋಲು ಹಿಮೋಗ್ಲೋಬಿನ್ ಆಗುತ್ತದೆ. ಬದಲಾಗುವುದು ಒಂದೇ ಮಣಿ, ಆದರೆ ಪರಿಣಾಮ ದೊಡ್ಡದು. ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಈ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತವೆ. ಆಗ ದುಂಡಗಿನ ಮೃದುವಾದ ಕಣ ಬಾಗಿ, ಗಟ್ಟಿಯಾಗಿ, ರಾಗಿ ಕೊಯ್ಯುವ ಕುಡುಗೋಲಿನಂತೆ ಆಗುತ್ತದೆ. ಇಂಥ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಂಡರೆ ನೋವು ಶುರು. ಮಾಮೂಲಿ ಕೆಂಪುಕಣ ಸುಮಾರು 120 ದಿನ ಬಾಳುತ್ತದೆ, ಇವು ಬಾಳುವುದು 10ರಿಂದ 20 ದಿನ ಮಾತ್ರ. ಆದ್ದರಿಂದ ರಕ್ತಹೀನತೆ, ಸುಸ್ತು.

ಈಗ ಒಂದು ಸೋಜಿಗ ಕೇಳಿ. 1948ರಲ್ಲಿ ನ್ಯೂಯಾರ್ಕ್‌ನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ ಒಂದು ವಿಷಯವನ್ನು ಗಮನಿಸಿದರು. ಆಗತಾನೆ ಹುಟ್ಟಿದ ಶಿಶುಗಳ ರಕ್ತದಲ್ಲಿ ಕುಡುಗೋಲು ಕಣಗಳು ಬಹಳ ಕಡಿಮೆ! ತಿಂಗಳು ಕಳೆದಂತೆ ಅವು ಹೆಚ್ಚುತ್ತವೆ. ಹಾಗಾದರೆ ಶಿಶುವನ್ನು ಕಾಯುತ್ತಿದ್ದದ್ದು ಏನು?

ಅದೇ ‘ಭ್ರೂಣ ಹಿಮೋಗ್ಲೋಬಿನ್’. ತಾಯಿಯ ಹೊಟ್ಟೆಯಲ್ಲಿದ್ದಾಗ ನಮ್ಮೆಲ್ಲರ ರಕ್ತದಲ್ಲಿಯೂ ಇದೇ ಹೆಚ್ಚಾಗಿರುತ್ತದೆ. ಇದರಲ್ಲಿ ಬೀಟಾ ಬದಲು ಗಾಮಾ ಸರಪಳಿಗಳು ಇರುತ್ತವೆ. ತಾಯಿಯ ರಕ್ತದಿಂದ ಆಮ್ಲಜನಕವನ್ನು ಸೆಳೆದುಕೊಳ್ಳಲು ಇದು ಹೆಚ್ಚು ಸಮರ್ಥ. ಹುಟ್ಟಿದ ಕೆಲವು ತಿಂಗಳಲ್ಲಿ ಇದರ ತಯಾರಿ ಬಹುಪಾಲು ನಿಂತು, ಬೀಟಾ ಸರಪಳಿಯ ಹಿಮೋಗ್ಲೋಬಿನ್ ಬರುತ್ತದೆ.

ನೀವೆಲ್ಲ ಕೈಕೈ ಹಿಡಿದು ಸಾಲಾಗಿ ನಿಂತಿದ್ದೀರಿ ಎಂದುಕೊಳ್ಳಿ. ನಡುನಡುವೆ ಕೆಲವರು ಕೈಕಟ್ಟಿ ನಿಂತರೆ ಸಾಲು ಉದ್ದವಾಗುತ್ತದೆಯೇ? ಇಲ್ಲ. ಭ್ರೂಣ ಹಿಮೋಗ್ಲೋಬಿನ್ ಹೀಗೆ ಕೈಕಟ್ಟಿ ನಿಲ್ಲುವ ಗೆಳೆಯ. ಅದು ಆ ಎಳೆಗಳಿಗೆ ಸೇರಿಕೊಳ್ಳುವುದಿಲ್ಲ. ಆದ್ದರಿಂದ ರಕ್ತದಲ್ಲಿ ಅದು ಎಷ್ಟು ಹೆಚ್ಚು ಉಳಿದಿರುತ್ತದೋ ಅಷ್ಟು ಒಳ್ಳೆಯದು.

ಆದರೆ ಅದು ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿ ಉಳಿಯುವುದಿಲ್ಲ. ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಬೀಟಾ ಸರಪಳಿಯ ವಂಶವಾಹಿ ಇರುವುದು 11ನೇ ವರ್ಣತಂತುವಿನಲ್ಲಿ. ಆದರೆ ಭ್ರೂಣ ಹಿಮೋಗ್ಲೋಬಿನ್ ತಯಾರಿಗೆ ಬ್ರೇಕ್ ಹಾಕುವ ಒಂದು ವಂಶವಾಹಿ 2ನೇ ವರ್ಣತಂತುವಿನಲ್ಲಿದೆ. ಅದರ ಹೆಸರು ಬಿಸಿಎಲ್11ಎ. ಅದು ಬ್ರೇಕಿನಂತೆ ಕೆಲಸ ಮಾಡುತ್ತದೆ ಎಂಬುದು 2008ರಲ್ಲಿ ತಿಳಿದುಬಂತು. ಇದರಲ್ಲಿರುವ ಸಣ್ಣ ವ್ಯತ್ಯಾಸಗಳಿಂದ ಕೆಲವರಲ್ಲಿ ಬ್ರೇಕ್ ಸ್ವಲ್ಪ ಸಡಿಲ. 6ನೇ ಮತ್ತು 11ನೇ ವರ್ಣತಂತುಗಳಲ್ಲಿಯೂ ಭ್ರೂಣ ಹಿಮೋಗ್ಲೋಬಿನ್ ಪ್ರಮಾಣವನ್ನು ಏರಿಳಿಸುವ ಇಂಥ ವ್ಯತ್ಯಾಸಗಳಿವೆ.

ಒಂದೇ ತಂದೆತಾಯಿಯ ಮಕ್ಕಳಲ್ಲಿ ಇದು ಬೇರೆಬೇರೆ ಆಗುವುದು ಹೇಗೆ? ನೀವೇ ಮಾಡಿ ನೋಡಿ. ಎರಡು ನಾಣ್ಯ ತೆಗೆದುಕೊಳ್ಳಿ. ಒಂದು ಅಪ್ಪನದು, ಒಂದು ಅಮ್ಮನದು. ತಲೆ ಬಿದ್ದರೆ ಸಡಿಲ ಬ್ರೇಕ್, ಬಾಲ ಬಿದ್ದರೆ ಬಿಗಿ ಬ್ರೇಕ್. ಎರಡನ್ನೂ ಒಮ್ಮೆ ಅಕ್ಕನಿಗಾಗಿ, ಇನ್ನೊಮ್ಮೆ ತಮ್ಮನಿಗಾಗಿ ಚಿಮ್ಮಿ ಬರೆದುಕೊಳ್ಳಿ. ಹತ್ತು ಸಲ ಮಾಡಿ. ಅಕ್ಕತಮ್ಮಂದಿರಿಗೆ ಎಷ್ಟು ಸಲ ಒಂದೇ ಫಲ ಬಂತು? ಎಷ್ಟು ಸಲ ಬೇರೆ ಬಂತು?

ಆ ಆಸ್ಪತ್ರೆಯಲ್ಲಿ ಮಕ್ಕಳ ವಂಶವಾಹಿ ಪರೀಕ್ಷೆ ಮಾಡಿರಲಿಲ್ಲ. ಆದರೆ ತಾಯಿ ಇಟ್ಟುಕೊಂಡಿದ್ದ ರಕ್ತಪರೀಕ್ಷೆಯ ಎರಡು ವರದಿಗಳನ್ನು ವೈದ್ಯರು ಪಕ್ಕಪಕ್ಕ ಇಟ್ಟು ತೋರಿಸಿದರು. ಅಕ್ಕನ ಭ್ರೂಣ ಹಿಮೋಗ್ಲೋಬಿನ್ ತಮ್ಮನಿಗಿಂತ ಸುಮಾರು ಎರಡರಷ್ಟಿತ್ತು. “ಇದೊಂದೇ ಕಾರಣ ಅನ್ನಬೇಡಿ. ಚಳಿ, ಜ್ವರ, ನೀರು ಕಡಿಮೆ ಕುಡಿಯುವುದು, ಮೈಮೀರಿ ದಣಿಯುವುದು, ಇವೂ ನೋವು ತರುತ್ತವೆ” ಎಂದರು. ಚಳಿಯಲ್ಲಿ ಅವನನ್ನು ಓಡಿಸಿದವನು ನಾನೇ ಅಲ್ಲವೇ? ತಲೆ ತಗ್ಗಿಸಿದೆ.

ಈ ತಿಳಿವಳಿಕೆ ಚಿಕಿತ್ಸೆಗೂ ದಾರಿ ತೋರಿದೆ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಅನೇಕರಲ್ಲಿ ಭ್ರೂಣ ಹಿಮೋಗ್ಲೋಬಿನನ್ನು ಹೆಚ್ಚಿಸುತ್ತದೆ. ಅದನ್ನು ವೈದ್ಯರ ನಿಗಾದಲ್ಲಿಯೇ ತೆಗೆದುಕೊಳ್ಳಬೇಕು. ಬಿಸಿಎಲ್11ಎ ಬ್ರೇಕನ್ನೇ ರಕ್ತ ತಯಾರಿಸುವ ಕೋಶಗಳಲ್ಲಿ ಸಡಿಲಿಸುವ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಬಹಳ ದುಬಾರಿ. ನಮ್ಮ ದೇಶದಲ್ಲಿ 2023ರ ಜುಲೈ 1ರಂದು ಕುಡುಗೋಲು ಕಣ ರೋಗ ನಿರ್ಮೂಲನಾ ಅಭಿಯಾನ ಆರಂಭವಾಯಿತು. ನಿಮ್ಮೂರಿಗೆ ರಕ್ತಪರೀಕ್ಷೆಗೆ ಬಂದರೆ ಹೆದರದೆ ಮಾಡಿಸಿಕೊಳ್ಳಿ.

ಇದು ಅಂಟುರೋಗವಲ್ಲ. ಇಂಥ ಗೆಳೆಯರ ಜೊತೆ ಕೂತು ಊಟ ಮಾಡಿ, ಆಟವಾಡಿ. ಅವರಿಗೆ ಆಗಾಗ ನೀರು ಕುಡಿಯಲು ನೆನಪಿಸಿ. ಜ್ವರ ಅಥವಾ ನೋವು ಎಂದರೆ ಕೂಡಲೇ ಶಿಕ್ಷಕರಿಗೆ ತಿಳಿಸಿ. “ಅವಳಿಗಿಲ್ಲದ್ದು ನಿನಗೇನು?” ಎಂದು ಮಾತ್ರ ಯಾರನ್ನೂ ಕೇಳಬೇಡಿ.

ಮುಂದಿನ ಸಲ ಆ ಶಾಲೆಗೆ ಹೋದಾಗ ಜಗಲಿಯಲ್ಲಿ ಹುಡುಗನ ಪಕ್ಕ ಕುಳಿತು, “ಅವತ್ತು ನಾನು ಹೇಳಿದ್ದು ತಪ್ಪು ಕಣಪ್ಪ” ಎಂದೆ. ಆಮೇಲೆ ಇಬ್ಬರೂ ನಾಣ್ಯ ಚಿಮ್ಮಿದೆವು. ನಾಲ್ಕನೇ ಸಲ ಅವನಿಗೆ ಎರಡೂ ತಲೆ ಬಿದ್ದವು. “ಅಕ್ಕಾ, ಈ ಸಲ ನಾನು ಗೆದ್ದೆ!” ಎಂದು ಬಯಲಿನ ಕಡೆ ಕೂಗಿದ.