ಓದಿ ಹೇಳುವ ಪಾಠ

ಶಿವಮೊಗ್ಗೆಯಿಂದ ಸವಳಂಗಕ್ಕೆ ಹೋಗುವ ದಾರಿಯಲ್ಲಿರುವ ನವುಲೆ ನಮ್ಮ ಊರು. ಇಂಜಿನಿಯರಿಂಗ್ ಕಾಲೇಜು ಇರುವ ಈ ಊರಿನಲ್ಲಿ ಮಕ್ಕಳು ಇಂಜಿನಿಯರುಗಳಾಗುವುದು ಆಷಾಢದಲ್ಲಿ ಮಳೆ ಬರುವಷ್ಟೇ ಸಹಜ. ನಾವು ಪತ್ರಿಕೋದ್ಯಮವನ್ನು ಅಭ್ಯಸಿಸುವೆವೆಂದಾಗ ನೆರೆಮನೆಯ ಹಿರಿಯರೊಬ್ಬರು, “ಪತ್ರಿಕೆ ಬರೆಯುವುದಕ್ಕೂ ಕಾಲೇಜು ಬೇಕೇನಮ್ಮಾ?” ಎಂದು ಕೇಳಿದ್ದರು. ಅದಕ್ಕೆ ಉತ್ತರ ತೋಚಿದ್ದು ಬಹಳ ತಡವಾಗಿ; ಅದೂ ಒಂದು ಅಪರಾಧವನ್ನು ಮಾಡಿದ ಬಳಿಕ.

೨೦೧೪ರಲ್ಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ, ರಜೆಯ ಕಾಲದಲ್ಲಿ ದಿನಪತ್ರಿಕೆಯೊಂದರಲ್ಲಿ ಉಮೇದುವಾರರಾಗಿ ಸೇರಿದೆವು. ಸಂಬಳವಿಲ್ಲ, ಬಸ್ಸಿನ ಖರ್ಚೂ ನಮ್ಮದೇ. ಭದ್ರಾವತಿಯ ಸುದ್ದಿ ತರುವ ಕೆಲಸ ನಮ್ಮ ಪಾಲಿಗೆ ಬಂದಿತು. ೧೯೩೬ರಲ್ಲಿ ಸ್ಥಾಪಿತವಾದ ಅಲ್ಲಿಯ ಮೈಸೂರು ಕಾಗದದ ಕಾರ್ಖಾನೆಗೆ ಅವು ಕಷ್ಟದ ದಿನಗಳು. ಕೆಲಸಗಾರರ ವಸತಿಯಲ್ಲಿ ಒಂದು ಸಂಜೆ, “ಮೇಸ್ತ್ರಿಗಳು ಹೋಗಿಬಿಟ್ಟರು” ಎಂದು ಚಹಾ ಅಂಗಡಿಯವನು ಹೇಳಿದನು. ಹೆಸರನ್ನು ಕೇಳಿಕೊಂಡೆವು, ಮನೆ ಯಾವುದೆಂದೂ ಕೇಳಿದೆವು, ಮನೆಗೆ ಮಾತ್ರ ಹೋಗಲಿಲ್ಲ. ಕತ್ತಲಾಗುತ್ತಿತ್ತು, ಕೊನೆಯ ಬಸ್ಸು ತಪ್ಪುವ ಭಯವಿತ್ತು.

ಒಂದೇ ಹೆಸರಿನ ಇಬ್ಬರು ಮೇಸ್ತ್ರಿಗಳು ಆ ಬೀದಿಯಲ್ಲಿದ್ದರು. ತೀರಿಕೊಂಡವರು ಒಬ್ಬರು; ನಾವು ಊರು, ಮಕ್ಕಳು, ಸೇವೆಯ ವರ್ಷಗಳನ್ನೆಲ್ಲ ಕೂಡಿಸಿ ಅಚ್ಚಿಗೆ ಕೊಟ್ಟದ್ದು ಇನ್ನೊಬ್ಬರನ್ನು. ತರೀಕೆರೆಗೆ ಕೊಟ್ಟಿದ್ದ ಅವರ ಮಗಳು ಬೆಳಗ್ಗೆ ಪತ್ರಿಕೆಯನ್ನು ಕಂಡು ದೂರವಾಣಿ ಮಾಡಿದಳು. ಗೆಳೆಯನ ಶವಸಂಸ್ಕಾರಕ್ಕೆ ಹೋಗಿದ್ದ ತಂದೆ ಅದನ್ನು ಮನೆಯಲ್ಲೇ ಮರೆತಿದ್ದರು. ಆಕೆ ಎದೆ ಬಡಿದುಕೊಂಡು ಬಂದು, ಸ್ನಾನ ಮಾಡಿ ಜಗಲಿಯ ಮೇಲೆ ಕುಳಿತಿದ್ದ ತಂದೆಯನ್ನು ನೋಡಿ ಹೊಸ್ತಿಲಲ್ಲೇ ಕುಸಿದಳಂತೆ. ಮರುದಿನ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಬಂದಿತು. ಕ್ಷಮೆ ಕೇಳಲು ಹೋದ ನಮ್ಮನ್ನು ಆ ಅಜ್ಜನವರು ಬಯ್ಯಲಿಲ್ಲ. “ಮೂವತ್ತು ವರ್ಷ ಪತ್ರಿಕೆಗೆ ಕಾಗದ ಮಾಡಿದೆನಮ್ಮಾ. ನನ್ನ ಸಾವನ್ನು ಅದರ ಮೇಲೆಯೇ ಓದಿದೆ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ಅವಮಾನದಿಂದಲೇ ಹೊರದೇಶಕ್ಕೆ ಹೊರಟೆವೆಂದರೆ ಪೂರ್ತಿ ನಿಜವಾಗದು. ಹೊರಡುವ ಆಸೆ ಮೊದಲೇ ಇತ್ತು. ಅಮೆರಿಕದ ಮಿಸೌರಿ ವಿಶ್ವವಿದ್ಯಾನಿಲಯದ ಹೆಸರು ಕನ್ನಡಿಗರಿಗೆ ಹೊಸದೂ ಅಲ್ಲ. ಅಲ್ಲಿ ಓದಿ ಬಂದ ನಾಡಿಗ ಕೃಷ್ಣಮೂರ್ತಿಗಳೇ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ೧೯೫೧ರಲ್ಲಿ ಪತ್ರಿಕೋದ್ಯಮದ ಬೋಧನೆಗೆ ಅಡಿಪಾಯ ಹಾಕಿದವರು. ತಂದೆಯವರು ಅಡಿಕೆ ತೋಟದ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ತಂದರು. ತಾಯಿಯವರು ಒಂದು ಡಬ್ಬಿ ತುಂಬ ಚಟ್ನಿಪುಡಿಯನ್ನು ಕಟ್ಟಿಕೊಟ್ಟರು. ೨೦೧೬ರ ಆಗಸ್ಟಿನಲ್ಲಿ ಕೊಲಂಬಿಯಾ ಎಂಬ ಆ ಪಟ್ಟಣವನ್ನು ಸೇರಿದೆವು.

ವಾಲ್ಟರ್ ವಿಲಿಯಮ್ಸ್ ಎಂಬ ಪತ್ರಿಕಾ ಸಂಪಾದಕರು ೧೯೦೮ರಲ್ಲಿ ಆರಂಭಿಸಿದ ಶಾಲೆ ಅದು. ಪಾಠ ಪ್ರಾರಂಭವಾದ ದಿನವೇ ವಿದ್ಯಾರ್ಥಿಗಳ ಪತ್ರಿಕೆಯೂ ಹೊರಬಿದ್ದಿತು. ಅದು ಶಾಲೆಯ ಗೋಡೆಪತ್ರಿಕೆಯಲ್ಲ. ಊರಿನ ಜನ ಕೊಂಡು ಓದುವ ಪತ್ರಿಕೆ. ನಗರಸಭೆ, ನ್ಯಾಯಾಲಯ, ಬೆಂಕಿ ಬಿದ್ದ ಮನೆ, ಎಲ್ಲಕ್ಕೂ ವಿದ್ಯಾರ್ಥಿಗಳೇ ವರದಿಗಾರರು, ಅಧ್ಯಾಪಕರೇ ಸಂಪಾದಕರು. ವೈದ್ಯ ವಿದ್ಯಾರ್ಥಿ ಆಸ್ಪತ್ರೆಯಲ್ಲಿ ಕಲಿಯುವಂತೆ ಇಲ್ಲಿಯವರು ಊರಿನಲ್ಲಿ ಕಲಿಯುತ್ತಾರೆ. ಶಾಲೆಯ ಕಮಾನಿನ ಬಳಿ ಚೀನಾ ದೇಶದಿಂದ ಬಂದ ಎರಡು ಕಲ್ಲಿನ ಸಿಂಹಗಳಿವೆ. ಹಿಮ ಬಿದ್ದ ಬೆಳಗ್ಗೆ ಅವುಗಳ ತಲೆಯ ಮೇಲೆ ಬೆಣ್ಣೆ ಮೆತ್ತಿದಂತೆ ತೋರುತ್ತಿತ್ತು. ಹಸಿವಾದವರಿಗೆ ಇಂಥ ಉಪಮೆಗಳೇ ಹೊಳೆಯುವುದು.

ನಮಗೆ ದೊರೆತ ಮೊದಲ ಕೆಲಸಗಳಲ್ಲೊಂದು ಮರಣವಾರ್ತೆ! ಕೈ ನಡುಗಿತು. ಒಬ್ಬ ವೃದ್ಧ ರೈತರ ಜೀವನವನ್ನು ನಾಲ್ಕು ಸಲ ತಿದ್ದಿ ಬರೆದು ಒಪ್ಪಿಸಿದಾಗ ಅಧ್ಯಾಪಕಿಯವರು ಕೇಳಿದ್ದು ಒಂದೇ: “ಅವರ ಮನೆಯವರಿಗೆ ಓದಿ ಹೇಳಿದಿರಾ?” ವರದಿಯಲ್ಲಿರುವ ಹೆಸರು, ವಯಸ್ಸು, ಊರು, ವರ್ಷಗಳನ್ನು ಸಂಬಂಧಪಟ್ಟವರಿಗೆ ಅಚ್ಚಿಗೆ ಮುನ್ನ ಓದಿ ಹೇಳಿ ಸರಿನೋಡುವುದು ಅಲ್ಲಿಯ ಕ್ರಮ. ದೂರವಾಣಿಯಲ್ಲಿ ರೈತರ ಪತ್ನಿಗೆ ನಮ್ಮ ಒಡಕು ಉಚ್ಚಾರಣೆಯಲ್ಲಿಯೇ ಓದಿದೆವು. ಮಗನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು, ಆಕೆ ತಿದ್ದಿದರು. ಬಳಿಕ ಬಹಳ ಹೊತ್ತು ಮಾತಿಲ್ಲ. “ಇನ್ನೊಂದು ಸಲ ಓದುವೆಯಾ, ಮಗು?” ಎಂದರು. ಓದಿದೆವು.

ಈ ಕ್ರಮಕ್ಕೂ ಮಿತಿಯಿದೆ. ಅಧಿಕಾರದಲ್ಲಿರುವವರಿಗೆ ಓದಿ ಹೇಳಿದರೆ ಆಡಿದ ಮಾತನ್ನೇ ನುಂಗಲು ನೋಡುತ್ತಾರೆ. ಸಂಗತಿ ತಪ್ಪಿದ್ದರೆ ತಿದ್ದಬೇಕು, ಆಡಿದ ಮಾತನ್ನು ಹಿಂದಕ್ಕೆ ಕೊಡಬಾರದು ಎಂದು ಅಧ್ಯಾಪಕಿಯವರು ಎಚ್ಚರಿಸುತ್ತಿದ್ದರು. ನಮ್ಮ ದೇಶದ ಪತ್ರಿಕಾಲಯಗಳಲ್ಲಿ ಗಡಿಯಾರದೊಡನೆ ಓಡುವವರಿಗೆ ಇದು ವಿಲಾಸವೆಂದು ತೋರಬಹುದು. ಆದರೆ ಆ ದೂರವಾಣಿಗೆ ಹಿಡಿದದ್ದು ಕಾಲು ಗಂಟೆ. ಅದೂ ಎರಡು ಸಲ ಓದಿದ್ದರಿಂದ.

೨೦೧೮ರಲ್ಲಿ ಊರಿಗೆ ಮರಳಿದಾಗ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ಕೆಲವು ವರ್ಷಗಳಾಗಿದ್ದವು. ಅಜ್ಜನವರು ಅದೇ ಜಗಲಿಯ ಮೇಲಿದ್ದರು; ನಮ್ಮ ಗುರುತು ಹಿಡಿದರು. ಅವರ ಮೇಲೆ ಒಂದು ಲೇಖನವನ್ನು ಬರೆಯಲು ಅಪ್ಪಣೆ ಬೇಡಿದೆವು. “ಈ ಸಲ ಬದುಕಿರುವಾಗಲೇ ಬರಿ” ಎಂದು ನಕ್ಕರು. ಮೂರು ದಿನ ಹೋಗಿ ಬಂದು, ಬರೆದುದನ್ನು ಅವರೆದುರಿಗೆ ಕುಳಿತು ಓದಿದೆವು. ಕಣ್ಣು ಮುಚ್ಚಿ ಕೇಳುತ್ತಿದ್ದವರು ನಡುವೆ ಕೈಯೆತ್ತಿ ನಿಲ್ಲಿಸಿದರು.

“ಕಾಗದ ಸುತ್ತುವ ಕಡೆ ನಾನಿರಲಿಲ್ಲ, ತಿರುಳು ತೊಳೆಯುವ ಕಡೆ ಇದ್ದೆ. ಆ ಕಡೆ ಇದ್ದವನು ಅವನು, ಹೋದನಲ್ಲ, ಅವನು.”

ಹೊಡೆದುಹಾಕಿ ತಿದ್ದಿಕೊಂಡೆವು. ಅಜ್ಜನವರು ಮತ್ತೆ ಕಣ್ಣು ಮುಚ್ಚಿ, “ಹೂಂ, ಮುಂದೆ ಓದಮ್ಮಾ” ಎಂದರು.